ದೇವೀರಮ್ಮನ ಮನೆ ಖಾಲಿಯಾದದ್ದು

ಬಸ್ಸು ಎಲ್ಲಿಂದ ಮುಂದಕ್ಕೆ ಹೋಗುವುದಿಲ್ಲವೋ ಅಲ್ಲಿ ಇಳಿಯುವುದು, ಬೇಸರವಾಗುವ ತನಕ ಇರುವುದು, ಆಮೇಲೆ ಇನ್ನೊಂದು ಬಸ್ಸು ಹತ್ತುವುದು, ಇದು ನನ್ನ ಪದ್ಧತಿ. ಹಾಗೆ ಇಳಿದ ಊರುಗಳಲ್ಲೊಂದರಲ್ಲಿ ಛತ್ರದ ಯಜಮಾನ ಚಿಕ್ಕಬೋರಯ್ಯನವರು ನನ್ನ ಹೆಸರನ್ನಾಗಲಿ ಕಸುಬನ್ನಾಗಲಿ ವಿಚಾರಿಸದೆ, ಸ್ವಂತದ್ದೆಂದು ಹೇಳಿಕೊಳ್ಳಲು ನನ್ನಲ್ಲಿ ಏನೇನಿದೆ ಎಂದು ಕೇಳಿದರು. ಒಂದು ಚೀಲ, ಎರಡು ಪಂಚೆ, ಒಂದು ಅಂಗಿ, ಮತ್ತು ಕೊನೆಯ ಹಾಳೆಗಳು ಹರಿದುಹೋಗಿರುವ ಒಂದು ಪತ್ತೇದಾರಿ ಕಾದಂಬರಿ ಎಂದೆ. ಅವರು ಒಳಗೆ ಹೋಗಿ ಒಂದು ಹಿತ್ತಾಳೆಯ ಸೌಟನ್ನು ತಂದು ನನ್ನ ಕೈಗೆ ಕೊಟ್ಟರು.

"ಇದು ನಿಮ್ದು, ಇಟ್ಕೊಳ್ಳಿ," ಎಂದರು. "ಆ ಚೀಲ ಯಾರಾದ್ರೂ ಹೊಡ್ಕೊಂಡೋದ್ರೆ ಬೆಳಿಗ್ಗೆ ಹೆಣ ಎತ್ಬೇಕಾದೋನು ನಾನು."

ಆ ಊರಿನಲ್ಲಿ ತನ್ನದೆನ್ನುವ ವಸ್ತು ಒಂದಾದರೂ ಇರುವ ತನಕ ಯಾರೂ ಸಾಯುತ್ತಿರಲಿಲ್ಲ. ಕೊನೆಯ ವಸ್ತು ಕೈಬಿಟ್ಟ ಮೇಲೆ ಯಾರೂ ಬದುಕುತ್ತಿರಲಿಲ್ಲ. ಉಳಿದಂತೆ ಅದು ಸಾಮಾನ್ಯವಾದ ಊರು. ಮಂಗಳವಾರ ಸಂತೆ, ಒಂದು ಅಂಚೆ ಕಚೇರಿ, ಸದಾ ಕೆಟ್ಟಿರುವ ಒಂದು ಹಿಟ್ಟಿನ ಗಿರಣಿ. ಹುಟ್ಟಿದ ಮಗುವಿನ ಹೊಕ್ಕುಳಬಳ್ಳಿಯನ್ನು ಕತ್ತರಿಸುವ ಮೊದಲೇ ಅದರ ಮುಷ್ಟಿಯೊಳಗೆ ಒಂದು ಗುಂಡಿಯನ್ನೋ ಗೆಜ್ಜೆಯನ್ನೋ ತುರುಕುತ್ತಿದ್ದರು. ಕಳ್ಳರೂ ಮರ್ಯಾದಸ್ಥರಾಗಿದ್ದರು. ಪೆಟ್ಟಿಗೆಯನ್ನು ಹೊತ್ತುಕೊಂಡು ಹೋಗುವಾಗ ಆ ಜಾಗದಲ್ಲಿ ಒಂದು ಚಮಚವನ್ನಾದರೂ ಇಟ್ಟುಹೋಗುತ್ತಿದ್ದರು, ಏಕೆಂದರೆ ಕಳವಿಗೆ ಒಂದು ಶಿಕ್ಷೆಯಾದರೆ ಕೊಲೆಗೆ ಇನ್ನೊಂದು. ನಾನು ಓದಿದ ಕಾದಂಬರಿಗಳಲ್ಲಿ ಕೊಲೆ ಮಾಡುವುದಕ್ಕೆ ಚೂರಿಯೋ ವಿಷವೋ ಬೇಕಾಗುತ್ತಿತ್ತು. ಅಲ್ಲಿ ಒಬ್ಬ ಅಳಿಯ ಮಾವನ ಎಕ್ಕಡವನ್ನು ಮೆಟ್ಟಿಕೊಂಡು ಸಂತೆಗೆ ಹೋದದ್ದಕ್ಕಾಗಿ ಪಂಚಾಯಿತಿಯ ಮುಂದೆ ನಿಂತು ಉತ್ತರ ಹೇಳಬೇಕಾಯಿತು.

ಯಾವುದು ಯಾವಾಗ ಕೈಹಿಡಿಯುತ್ತದೋ ತಿಳಿಯದಾದ್ದರಿಂದ ಯಾರೂ ಏನನ್ನೂ ಎಸೆಯುತ್ತಿರಲಿಲ್ಲ. ತಳವಿಲ್ಲದ ಬಿಂದಿಗೆ, ಕಡ್ಡಿ ಮಾತ್ರ ಉಳಿದ ಕೊಡೆ, ಸತ್ತ ಎತ್ತಿನ ಕೊರಳಗಂಟೆ, ಎಲ್ಲವೂ ಗೋಡೆಗೆ ಒರಗಿಕೊಂಡು, ಅಟ್ಟದಿಂದ ಇಳಿಬಿದ್ದು, ಮಂಚದಡಿಯಿಂದ ಹೊರಬಂದು ಮನೆಯವರೊಂದಿಗೆ ವಾಸಿಸುತ್ತಿದ್ದವು. ನಡುಮನೆಯಲ್ಲಿ ಒಬ್ಬರು ಎದ್ದರೆ ಮಾತ್ರ ಇನ್ನೊಬ್ಬರು ಕೂರಬಹುದಾಗಿತ್ತು. ಓಣಿಗಳಂತಹ ಆ ಮನೆಗಳಲ್ಲಿ ಓರೆಯಾಗಿ ನಡೆದೂ ನಡೆದೂ, ಆ ಊರಿನವರು ಬಯಲಿನಲ್ಲಿಯೂ ಒಂದು ಭುಜವನ್ನು ಮುಂದೆ ಮಾಡಿಕೊಂಡೇ ನಡೆಯುತ್ತಿದ್ದರು. ಹೊರಗಿನವರನ್ನು ಗುರುತಿಸುವುದು ಅವರಿಗೆ ಸುಲಭವಾಗಿತ್ತು. ನೇರವಾಗಿ ನಡೆಯುವವನು ಪರದೇಶಿ.

ಆದರೆ ರೋಗಕ್ಕೆ ಈ ನಿಯಮ ಅನ್ವಯಿಸುತ್ತಿರಲಿಲ್ಲ. ಸಾವು ಬಾಗಿಲಲ್ಲಿ ಕಾಯುತ್ತಿತ್ತೇ ಹೊರತು ನೋವು ಕಾಯುತ್ತಿರಲಿಲ್ಲ. ಆದ್ದರಿಂದ ಎಲ್ಲರಿಗೂ ಒಂದು ದಿನ ಸಾಕೆನಿಸುತ್ತಿತ್ತು, ಸಾಕೆನಿಸಿದವರು ತಮ್ಮ ಮನೆಯನ್ನು ಖಾಲಿ ಮಾಡಿಸುತ್ತಿದ್ದರು. ಅದನ್ನು 'ಗುಡಿಸುವುದು' ಎನ್ನುತ್ತಿದ್ದರು. "ನಮ್ಮ ತಾತ ಹೋದ ಸುಗ್ಗೀಲಿ ಗುಡಿಸಿಬಿಟ್ರು" ಎಂದರೆ ಕೇಳಿದವರು ತಲೆ ತಗ್ಗಿಸುತ್ತಿದ್ದರು. ಗುಡಿಸಲು ಹೊರಟವರಿಂದ ಊರಿನವರಾರೂ ಒಂದು ಕಡ್ಡಿಯನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಚಿನ್ನದ ಉಂಗುರವನ್ನು ಚಾಚಿದರೂ ಎದುರಿಗಿದ್ದವರ ಕೈಗಳು ತಾವಾಗಿಯೇ ಬೆನ್ನ ಹಿಂದೆ ಹೋಗುತ್ತಿದ್ದವು. ತಾನು ಪಡೆದದ್ದೇ ಕೊನೆಯದಾಗಿಬಿಟ್ಟರೆ ಆ ಮಾತನ್ನು ಹೊತ್ತುಕೊಂಡು ಬಾಳಬೇಕಲ್ಲ. ಆದ್ದರಿಂದ ಸಾಮಾನುಗಳನ್ನು ಹಳ್ಳದಾಚೆಯ ಊರಿಗೆ ಸಾಗಿಸುವುದಕ್ಕೆ ಪರದೇಶಿಯೊಬ್ಬ ಬೇಕಾಗುತ್ತಿದ್ದ. ಸೌಟು ಕೊಟ್ಟ ಮರುದಿನವೇ ಚಿಕ್ಕಬೋರಯ್ಯನವರು ನನ್ನನ್ನು ದೇವೀರಮ್ಮನ ಮನೆಗೆ ಕರೆದುಕೊಂಡು ಹೋದರು.

ದೇವೀರಮ್ಮ ನಡುಮನೆಯ ಹಗ್ಗದ ಮಂಚದ ಮೇಲೆ, ಮೇಲಿನಿಂದ ತೂಗುಬಿದ್ದ ಮೊರಗಳ ಕೆಳಗೆ ಗೋಡೆಗೆ ಒರಗಿ ಕುಳಿತಿದ್ದಳು. ಅವಳ ಹೊಟ್ಟೆಯೊಳಗೆ ಒಂದು ಗಂಟಿತ್ತು. ಅದು ಅವಳನ್ನು ಮಲಗಲೂ ಬಿಡುತ್ತಿರಲಿಲ್ಲ, ನಿಲ್ಲಲೂ ಬಿಡುತ್ತಿರಲಿಲ್ಲ. ವೈದ್ಯರು ಇನ್ನು ಬರುವುದಿಲ್ಲವೆಂದು ತಿಳಿಸಿ ಹೋಗಿದ್ದರು.

"ಗಾಡಿ ಹೊಡೆಯೋಕೆ ಬರ್ತದಾ?" ಎಂದು ಕೇಳಿದಳು.

"ಬರುತ್ತದೆ."

"ಕಂಡಿದ್ದಕ್ಕೆಲ್ಲಾ ಮನಸ್ಸು ಕರಗೋ ಜನವಾ ನೀನು?"

"ಇಲ್ಲ."

"ಹಂಗಾದ್ರೆ ಅಡುಗೆಮನೆಯಿಂದ ಸುರು ಮಾಡು, ಪರದೇಶಿ. ಇವಳ ಮಾತು ಕೇಳ್ಬೇಡ."

ಇವಳು ಎಂದರೆ ಮಗಳು ಹೊನ್ನಮ್ಮ. ಮದುವೆಯಾಗದೆ, ತಾಯಿಯೊಂದಿಗೇ ಇದ್ದು ತಲೆ ನರೆಸಿಕೊಂಡವಳು. ಆಗ ಅವಳು ಒಲೆಯ ಮುಂದೆ ನಿಂತು, ನಾನು ಇನ್ನೂ ಮುಟ್ಟದ ಒಂದು ತಪ್ಪಲೆಯನ್ನು ನನ್ನಿಂದ ದೂರಕ್ಕೆ ಸರಿಸುತ್ತಿದ್ದಳು.

ಕೆಲಸದ ರೀತಿ ಹೀಗಿತ್ತು. ನಾನು ಒಂದೊಂದು ವಸ್ತುವನ್ನೂ ಮಂಚದ ಬಳಿಗೆ ತರಬೇಕು. ದೇವೀರಮ್ಮ ಅದರ ಮೇಲೆ ಕೈಯಿಟ್ಟು "ಮುಗೀತು" ಎನ್ನಬೇಕು. ಮುಟ್ಟದೆ ಹೇಳಿದ ಮಾತಿಗೆ ಬೆಲೆಯಿಲ್ಲ. ಆಮೇಲೆ ನಾನು ಅದನ್ನು ಗಾಡಿಗೆ ಹಾಕಿ, ಸಂಜೆ ಹಳ್ಳ ದಾಟಿಸಿ, ಆಚೆಯ ಊರಿನ ಬಸ್ ನಿಲ್ದಾಣದಲ್ಲಿ ಇಳಿಸಿ ಬರಬೇಕು. ಹಳ್ಳದಾಚೆಯವರು ಮನೆ ತುಂಬ ಸಾಮಾನಿಟ್ಟುಕೊಂಡೇ ಕಾಲಕ್ಕೆ ಸರಿಯಾಗಿ ಸಾಯುತ್ತಿದ್ದರು. ಆದ್ದರಿಂದ ಅವರಿಗೆ ಹೆದರಿಕೆಯಿರಲಿಲ್ಲ. ನಾನು ಮರುದಿನ ಹೋಗುವ ಹೊತ್ತಿಗೆ ನಿಲ್ದಾಣ ಖಾಲಿಯಾಗಿರುತ್ತಿತ್ತು.

ದೇವೀರಮ್ಮ ದೊಡ್ಡ ವಸ್ತುಗಳನ್ನು ಬೇಗ ಬಿಟ್ಟುಕೊಟ್ಟಳು. ಹಂಡೆ, ಪೆಟ್ಟಾರಿ, ಆರಾಮಕುರ್ಚಿ ಯಾವುದಕ್ಕೂ ಎರಡು ಮಾತಾಡಲಿಲ್ಲ. ಬಂಗಾರದ ಓಲೆಗಳ ಮೇಲೆ ಬೆರಳನ್ನಿಟ್ಟು, ತುರಿಕೆಯಾದ ಜಾಗವನ್ನು ಕೆರೆದುಕೊಳ್ಳುವಷ್ಟೇ ಗಮನದಿಂದ "ಮುಗೀತು" ಎಂದಳು. ಅವಳು ತಡೆದು ನಿಂತದ್ದು ಒಂದು ದಾರದ ಉಂಡೆಯ ಮುಂದೆ. ಮಗಳಿಗೆ ಮುಡಿಸಿ ಬಾಡಿದ ಹೂವಿನ ಮಾಲೆಗಳ ದಾರಗಳನ್ನೆಲ್ಲ ಬಿಚ್ಚಿ, ತುದಿಗೆ ತುದಿ ಗಂಟು ಹಾಕಿ ಸುತ್ತಿದ್ದ ಆ ಉಂಡೆ ಕುಂಬಳಕಾಯಿಯ ಗಾತ್ರವಾಗಿತ್ತು.

"ಇಷ್ಟು ಹೂ ಮುಡಿಸಿದ್ನಾ ನಾನು," ಎಂದಳು.

"ಮುಡಿಸಿದ್ದೆ," ಎಂದಳು ಹೊನ್ನಮ್ಮ ಬಾಗಿಲಿನಿಂದ. "ಇದೊಂದು ಇಟ್ಕೋ. ಇದೇನು ಜಾಗ ತಿನ್ನುತ್ತಾ?"

"ಜಾಗದ ಮಾತಲ್ಲ ಕಣೆ ಇದು."

ಉಂಡೆ ಅವಳ ಮಡಿಲಿನಲ್ಲಿ ಮಧ್ಯಾಹ್ನವೆಲ್ಲ ಇತ್ತು. ನಾನು ಗಾಡಿಯ ಬಳಿ ಕುಳಿತು ಎತ್ತುಗಳಿಗೆ ಹುಲ್ಲು ಹಾಕಿದೆ. ಹೊತ್ತಿಳಿಯುವಾಗ ಒಳಗಿನಿಂದ ಅವಳು ಕೂಗಿ ಕರೆದಳು. ಮುಖ ತೊಳೆದುಕೊಂಡವಳಂತೆ ಇದ್ದಳು. ಉಂಡೆಯನ್ನು ನನ್ನ ಕೈಗೆ ಕೊಟ್ಟು "ಮುಗೀತು" ಎಂದಳು.

ಹೊನ್ನಮ್ಮನಿಂದಾಗಿ ಕೆಲಸ ಎರಡು ಹೆಜ್ಜೆ ಮುಂದೆ ಹೋದರೆ ಒಂದು ಹೆಜ್ಜೆ ಹಿಂದಕ್ಕೆ ಬರುತ್ತಿತ್ತು. ಕೊಟ್ಟವರು ಕೊಟ್ಟೆನೆಂದು, ಪಡೆದವರು ಪಡೆದೆನೆಂದು ಬಾಯಿಂದಲೋ ಕೈಯಿಂದಲೋ ಒಪ್ಪಿಕೊಂಡರೆ ವಸ್ತು ಅವರದಾಗುತ್ತಿತ್ತು. ಆದ್ದರಿಂದ ಅವಳು ತಾಯಿಯ ಕೈಗೆ ಏನನ್ನಾದರೂ ದಾಟಿಸುವ ಉಪಾಯದಲ್ಲೇ ದಿನ ಕಳೆಯುತ್ತಿದ್ದಳು. ನೀರಿನ ಲೋಟವನ್ನು ಚಾಚಿ "ತಗೋ, ನಿನಗೇ" ಎನ್ನುವಳು. ತಾಯಿ ಅಭ್ಯಾಸಬಲದಿಂದ ತೆಗೆದುಕೊಂಡುಬಿಟ್ಟರೆ, ಮರುದಿನ ನಾನು ಆ ಲೋಟಕ್ಕಾಗಿ ಇನ್ನೊಮ್ಮೆ ಹಳ್ಳ ದಾಟಬೇಕು. ಕೊನೆಗೆ ದೇವೀರಮ್ಮ ಯಾವುದನ್ನೂ ಕೈಯಿಂದ ಮುಟ್ಟದೆ, ಬಾಯಿ ಕಳೆದು ನೀರು ಹುಯ್ಯಿಸಿಕೊಳ್ಳತೊಡಗಿದಳು.

"ಏನೇ ಇದು, ನನ್ನ ತಲೆದಿಂಬಿನಡಿ ಚುಚ್ತಾ ಇರೋದು?"

"ಬಾಚಣಿಗೆ."

"ಯಾರದು?"

"ನಿಂದೇ. ನಿನ್ನೆ ನಿದ್ದೆಗಣ್ಣಲ್ಲಿ ಕೈ ಚಾಚಿ ಇಸ್ಕೊಂಡೆ."

"ನಿದ್ದೆಗಣ್ಣಲ್ಲಿ ಇಸ್ಕೊಂಡಿದ್ದು ಲೆಕ್ಕಕ್ಕಿಲ್ಲ. ಪರದೇಶಿ, ಬಾರಪ್ಪ ಇಲ್ಲಿ. ಲೆಕ್ಕಕ್ಕಿದ್ರೂ ಇರ್ಲಿ, ಮುಗೀತು. ತಗೊಂಡೋಗು."

ಒಂದು ಬೆಳಿಗ್ಗೆ ಗಾಡಿ ಕಟ್ಟುತ್ತಿದ್ದಾಗ ಹೊನ್ನಮ್ಮ ನನ್ನ ಬಳಿ ಬಂದು ನಿಂತಳು. "ಅಣ್ಣ, ಗಾಡಿ ತುಂಬ ತುಂಬಬೇಡ. ಎತ್ತುಗಳಿಗೆ ಕಷ್ಟ," ಎಂದಳು. ಎತ್ತುಗಳಿಗೆ ಏನೂ ಕಷ್ಟವಿಲ್ಲವೆಂದೆ. ಅವಳು ಗಾಡಿಯ ಗೂಟವೊಂದನ್ನು ಹಿಡಿದುಕೊಂಡು, "ಅವಳು ಹಲ್ಲು ಕಚ್ಕೊಂಡಿರೋದು ನನಗೆ ಕಾಣಲ್ವಾ? ಕಾಣ್ತದೆ. ಕಾಣ್ತಾ ಇದ್ರೂ ಕೈ ತಾನಾಗೇ ಹೋಗಿ ಬಾಚಣಿಗೆ ಇಟ್ಟು ಬರ್ತದೆ. ಏನ್ಮಾಡ್ಲಿ ಈ ಕೈಗೆ?" ಎಂದಳು. ಪರದೇಶಿಗಳನ್ನು ಜನ ಇಂತಹ ಪ್ರಶ್ನೆಗಳನ್ನು ಕೇಳುವುದು ಉತ್ತರ ಬೇಕಾಗಿ ಅಲ್ಲವೆಂದು ನನಗೆ ತಿಳಿದಿತ್ತು. ನಾನು ಗಾಡಿಯನ್ನು ಹೊಡೆದುಕೊಂಡು ಹೋದೆ. ಅಂದು ಸ್ವಲ್ಪ ಕಡಿಮೆಯೇ ತುಂಬಿದ್ದೆ.

ಹೇಗೋ ಮನೆ ಖಾಲಿಯಾಯಿತು. ಗೋಡೆಗಳಿಗೆ ಬಣ್ಣವಿತ್ತೆಂಬುದೇ ಹೊನ್ನಮ್ಮನಿಗೆ ಮರೆತುಹೋಗಿತ್ತು. ಮಾತಾಡಿದರೆ ಮಾತು ತಿರುಗಿ ಬರುತ್ತಿತ್ತು, ಅದಕ್ಕೆ ಅಭ್ಯಾಸವಿಲ್ಲದೆ ತಾಯಿ ಮಗಳಿಬ್ಬರೂ ಪಿಸುಗುಟ್ಟತೊಡಗಿದರು. ಮನೆಯನ್ನು ಹೊನ್ನಮ್ಮನ ಹೆಸರಿಗೆ ಮಾಡಿ ವರ್ಷಗಳೇ ಆಗಿದ್ದವು. ಹಗ್ಗದ ಮಂಚವನ್ನೂ ಸಾಗಿಸಿ, ಅದರ ಬದಲು ಛತ್ರದ ಮಂಚವನ್ನು ತಂದು ಹಾಕಿದೆವು. ಚಿಕ್ಕಬೋರಯ್ಯನವರ ಹೆಂಡತಿ ಒಂದು ಸೀರೆ ತಂದು ಉಡಿಸಿ, ಎಲ್ಲರಿಗೂ ಕೇಳುವಂತೆ, "ಇದು ಎರವಲು, ದೇವೀರಕ್ಕ. ಕೊಟ್ಟಿಲ್ಲ. ನಾಡಿದ್ದು ಒಗೆದು ಮಡಚಿಟ್ಕೋತೀನಿ," ಎಂದರು. ಅಲ್ಲಿ ಎಲ್ಲರೂ ಎರವಲು ಬಟ್ಟೆಯಲ್ಲೇ ಹೋಗುತ್ತಿದ್ದರು. ದೇಹದ ವಿಷಯದಲ್ಲಿ ಹಿಂದೆಂದೋ ಪಂಚಾಯಿತಿ ಕೂಡಿ, ಅದು ಹೆತ್ತವರದೆಂದು ತೀರ್ಮಾನಿಸಿತ್ತಂತೆ.

ಗುಡಿಸಿದ ಮನೆಯಲ್ಲಿ ಸಾವು ತಡಮಾಡುವುದಿಲ್ಲ, ಆದ್ದರಿಂದ ನೆಂಟರನ್ನು ಬೆಳಿಗ್ಗೆಯೇ ಕರೆಸಿದ್ದರು. ಅವರು ಬಂದರು, ಹೊಸದಾಗಿ ದೊರೆತ ಬಯಲಿನಲ್ಲಿ ಎಲ್ಲಿ ಕೂರಬೇಕೆಂದು ತಿಳಿಯದೆ ಗೋಡೆಯ ಬುಡದಲ್ಲಿ ಸಾಲಾಗಿ ಕುಳಿತರು. ಒಬ್ಬೊಬ್ಬರೂ ದೇವೀರಮ್ಮನ ಪಾದ ಮುಟ್ಟಿದರು. ಕೆಲವರು ಅತ್ತರು. ಅಳು ಮುಗಿಯಿತು. ಬಿಸಿಲು ಹೊಸಲು ದಾಟಿ ಒಳಗೆ ಬಂತು. ನೆಂಟರಿಗೆ ಊಟ ಬಡಿಸಿದರು. ಊಟವಾದ ಮೇಲೆ ದೇವೀರಮ್ಮನ ಮೈದುನನ ಮಗನೊಬ್ಬ ಮಂಚದ ಬಳಿ ಬಗ್ಗಿ ನೋಡಿದ.

"ಇದ್ದೀಯಾ, ದೊಡ್ಡವ್ವ?"

"ಇದ್ದೀನಪ್ಪ. ಸಾರಿಗೆ ಉಪ್ಪು ಸಾಲದು ಅಂತ ಯಾರೋ ಅಂದಿದ್ದೂ ಕೇಳಿಸ್ತು."

ಎಲ್ಲರಿಗೂ ಮುಜುಗರವಾಯಿತು. ಏನೋ ಉಳಿದಿದೆ ಎಂಬುದು ಸ್ಪಷ್ಟವಾಗಿತ್ತು. ನೆಂಟರು ಎದ್ದು ಹುಡುಕತೊಡಗಿದರು. ಬಚ್ಚಲಿನ ಮೋರಿಯಲ್ಲಿ ಒಂದು ರವಿಕೆಯ ಗುಂಡಿ ಸಿಕ್ಕಿತು. ದೇವೀರಮ್ಮ ಅದನ್ನು ಮುಟ್ಟಿ "ಮುಗೀತು" ಎಂದು ಕಣ್ಣು ಮುಚ್ಚಿದಳು. ಎಲ್ಲರೂ ಕೈಮುಗಿದು ನಿಂತರು. ಸ್ವಲ್ಪ ಹೊತ್ತಿನ ಮೇಲೆ ಅವಳು ಕಣ್ಣು ತೆರೆದು ಕೆಮ್ಮಿದಳು. ಹಲ್ಲುಗಳ ಮಾತು ಬಂತು. ಉಳಿದಿರುವ ನಾಲ್ಕು ಹಲ್ಲು ದೇಹಕ್ಕೆ ಸೇರಿದ್ದೋ ಸಾಮಾನಿಗೆ ಸೇರಿದ್ದೋ ಎಂದು ಮೈದುನನ ಮಗನೂ ಚಿಕ್ಕಬೋರಯ್ಯನವರೂ ವಾದ ಮಾಡಿದರು. ಹುಟ್ಟುವಾಗ ಹಲ್ಲಿರಲಿಲ್ಲವಾದ್ದರಿಂದ ಅದು ಸಂಪಾದನೆಯೆಂದು ಅವನ ವಾದ. ಆಮೇಲೆ ಎಲ್ಲರ ದೃಷ್ಟಿಯೂ ಹೊನ್ನಮ್ಮನ ಕಡೆಗೆ ತಿರುಗಿತು.

"ನೋಡ್ಬೇಡಿ ನನ್ನ," ಎಂದಳು ಅವಳು. "ಇವತ್ತು ನಾನು ಏನೂ ಇಟ್ಟಿಲ್ಲ. ಬೆಳಿಗ್ಗೆಯಿಂದ ಸೆರಗೊಳಗೆ ಕೈ ಕಟ್ಕೊಂಡು ಕೂತಿದ್ದೀನಿ."

ಅವಳು ನಿಜ ಹೇಳುತ್ತಿದ್ದಳು. ಅವಳ ಕೈಗಳು ಸೆರಗಿನಲ್ಲಿ ಎಷ್ಟು ಬಿಗಿಯಾಗಿ ಸುತ್ತಿಕೊಂಡಿದ್ದವೆಂದರೆ ಅವಳಿಗೆ ಊಟವನ್ನು ಬೇರೆಯವರು ಮಾಡಿಸಿದ್ದರು.

ನೋವಿನ ಒಂದು ಸುತ್ತು ಬಂದು ಹೋಯಿತು. ದೇವೀರಮ್ಮ ಮಂಚದ ಚೌಕಟ್ಟನ್ನು ಹಿಡಿದುಕೊಂಡು, ಅದು ಇಳಿಯುವ ತನಕ ಯಾರ ಮುಖವನ್ನೂ ನೋಡಲಿಲ್ಲ. ಇಳಿದ ಮೇಲೆ, ಇಷ್ಟು ಹೊತ್ತೂ ಬೇಕೆಂದೇ ನೆನಪು ಮಾಡಿಕೊಳ್ಳದೆ ಇದ್ದವಳಂತೆ, ನಿಧಾನವಾಗಿ ಹೇಳಿದಳು: "ಶಾವಿಗೆ ಒರಳು."

ನೆಂಟರಲ್ಲಿ ವಯಸ್ಸಾದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಬೀದಿಗೆಲ್ಲ ಒಂದೇ ಒಂದು ಶಾವಿಗೆ ಒರಳಿದ್ದ ಕಾಲದಲ್ಲಿ ಅದು ದೇವೀರಮ್ಮನದಾಗಿತ್ತು. ಮೂರು ಕಾಲಿನ ಮರದ ಒರಳು, ಅದಕ್ಕೆ ಹಿತ್ತಾಳೆಯ ಅಚ್ಚು. ಅದನ್ನು ಪಕ್ಕದ ಮನೆಯ ಪುಟ್ಟನಂಜಮ್ಮ ಒಂದು ಹಬ್ಬಕ್ಕೆ ಎರವಲು ಒಯ್ದಿದ್ದಳು. ಮರುದಿನವೇ ದೇವೀರಮ್ಮ ಬೀದಿಯಲ್ಲಿ ನಿಂತು, ಆ ಮನೆಗೆ ಹೋದದ್ದು ಯಾವುದು ತಾನೆ ತಿರುಗಿ ಬಂದಿದೆ ಎಂದು ನಾಲ್ಕು ಜನರ ಮುಂದೆ ಕೇಳಿದ್ದಳು. ಪುಟ್ಟನಂಜಮ್ಮ ಬಾಗಿಲಿಗೆ ಬಂದು, ಯಾವ ಒರಳು, ನಾನು ಯಾವ ಒರಳನ್ನೂ ತಂದಿಲ್ಲ ಎಂದಿದ್ದಳು. ಅಂದಿನಿಂದ ಆ ಎರಡು ಮನೆಗಳ ನಡುವೆ ಜಗಳವೊಂದನ್ನು ಬಿಟ್ಟು ಬೇರೇನೂ ಓಡಾಡಿರಲಿಲ್ಲ.

"ಇಲ್ಲ ಅಂದುಬಿಟ್ಟಿದ್ದಾಳಲ್ಲ. ಹಂಗಾದ್ರೂ ಅದು ಇವಳದೇನಾ?" ಎಂದ ಮೈದುನನ ಮಗ.

"ಇಲ್ಲ ಅಂದಮಾತ್ರಕ್ಕೆ ಇಲ್ಲ ಆಗಲ್ಲ ಕಣಯ್ಯ," ಎಂದರು ಚಿಕ್ಕಬೋರಯ್ಯನವರು. "ಕೊಟ್ಟಿದ್ದು ಎರವಲು. ಎರವಲು ಸಾವಿರ ವರ್ಷ ಇದ್ರೂ ಎರವಲೇ."

ಊರಿನವರು ಯಾರಾದರೂ ಹೋದರೆ ಒಂದು ಪಕ್ಷಕ್ಕೆ ಸೇರಿದಂತಾಗುತ್ತಿತ್ತು. ಆದ್ದರಿಂದ ನನ್ನನ್ನು ಕಳುಹಿಸಿದರು. ಪುಟ್ಟನಂಜಮ್ಮನ ಮನೆಯೊಳಗೆ ನಾನು ಹೊಟ್ಟೆ ಎಳೆದುಕೊಂಡು, ಒಂದರ ಮೇಲೊಂದು ಪೇರಿಸಿದ ಡಬ್ಬಗಳ ಸಂದಿಯಲ್ಲಿ ಹೋಗಬೇಕಾಯಿತು. ಆಕೆ ಎಲ್ಲೋ ಒಳಗಿನಿಂದ ಮಾತಾಡಿದಳು. ದನಿ ಮಾತ್ರ ಕೇಳುತ್ತಿತ್ತು, ಮುಖ ಕಾಣುತ್ತಿರಲಿಲ್ಲ.

"ಇನ್ನೂ ಹೋಗ್ಲಿಲ್ವಾ ಅವಳು?"

"ಇಲ್ಲ. ಶಾವಿಗೆ ಒರಳು ಕೇಳಿದ್ದಾರೆ."

"ಯಾವ ಒರಳು?"

"ಮೂರು ಕಾಲಿನದು."

"ನಮ್ಮನೇಲಿ ಅಂಥದ್ದಿಲ್ಲ ಅಂತ ಹೇಳು. ಬೇಕಾದ್ರೆ ಹುಡುಕ್ಕೊಳ್ಲಿ."

ಆ ಮನೆಯಲ್ಲಿ ಒಂದು ಆನೆಯನ್ನು ಹುಡುಕುವುದೂ ಸಾಧ್ಯವಿರಲಿಲ್ಲ. ನಾನು ಹಿಂದಿರುಗಿ ಅವಳ ಮಾತನ್ನು ಇದ್ದಂತೆಯೇ ಒಪ್ಪಿಸಿದೆ. ದೇವೀರಮ್ಮ ತನ್ನನ್ನು ಮಂಚದ ಸಮೇತ ಎತ್ತಿಕೊಂಡು ಹೋಗಿ ಅವಳ ಜಗಲಿಯ ಮುಂದೆ ಇಳಿಸಬೇಕೆಂದಳು. ನಾವು ನಾಲ್ವರು ಎತ್ತಿದೆವು. ಹೊನ್ನಮ್ಮ ಹಿಂದೆ ಬಂದಳು. ನೆಂಟರು ಒಂದು ಭುಜ ಮುಂದೆ ಮಾಡಿಕೊಂಡು ಬೀದಿಯ ತುಂಬ ಹರಡಿಕೊಂಡರು.

"ಪುಟ್ಟನಂಜಿ," ಎಂದು ದೇವೀರಮ್ಮ ಕೂಗಿದಳು. "ಹೊರಗೆ ಬಾ. ಜಗಳಕ್ಕಲ್ಲ."

ಪುಟ್ಟನಂಜಮ್ಮ ಹೊಸಲಿನ ಒಳಗೇ ನಿಂತಳು. ಗಿಡ್ಡಗೆ, ದುಂಡಗೆ ಇದ್ದ ಮುದುಕಿ, ಸೊಂಟದ ಮೇಲೆ ಎರಡು ಕೈಗಳನ್ನೂ ಇಟ್ಟುಕೊಂಡಿದ್ದಳು. "ಜಗಳಕ್ಕಲ್ದೆ ನೀನು ಇನ್ಯಾವುದಕ್ಕೆ ನನ್ನ ಕರೆದಿದ್ದೀಯಾ?" ಎಂದಳು.

"ಒರಳು ಕೊಡು. ಮುಟ್ಟಿ ಬಿಟ್ಬಿಡ್ತೀನಿ. ನನಗೆ ತಡೆಯೋಕಾಗ್ತಿಲ್ಲ ಕಣೆ."

ಪುಟ್ಟನಂಜಮ್ಮ ಮಂಚವನ್ನು ನೋಡಿದಳು, ಎರವಲು ಸೀರೆಯನ್ನು ನೋಡಿದಳು, ಚೌಕಟ್ಟನ್ನು ಹಿಡಿದಿದ್ದ ಕೈಯನ್ನು ನೋಡಿದಳು. ಅವಳ ಕೈಗಳು ಸೊಂಟದಿಂದ ಇಳಿದವು.

"ನಿನ್ನ ಮನೆಗೆ ಬೆಂಕಿ ಬಿದ್ದಿದ್ದು ನೆನಪಿದ್ಯಾ?" ಎಂದು ಕೇಳಿದಳು.

"ನನ್ನ ಮನೆಗೆ ಬಿದ್ದಿದ್ದು ನನಗೆ ನೆನಪಿರದೆ?"

"ಹೊನ್ನಿ ಅವತ್ತು ಅವಳ ಸೋದರಮಾವನ ಊರಲ್ಲಿದ್ದಳು. ನೀನು ಎಣ್ಣೆ ನೀರು ಹುಯ್ಕೋತಿದ್ದೆ. ನಾವೆಲ್ಲ ಸೇರಿ ಎಳ್ಕೊಂಡು ಬಂದು, ಬೀದೀಲಿ ಯಾರದೋ ಕಂಬಳಿ ಸುತ್ತಿದ್ವಿ. ಹಿಂದೆ ಮನೆ ನೆಲ ಕಚ್ತು. ಮನೆ ಜಾಗ ಹೊನ್ನಿ ಹೆಸರಿಗಾಗಿತ್ತು. ತಾಳಿ ತೆಗೆದು ಆಗ್ಲೇ ವರ್ಷವಾಗಿತ್ತು. ಕಿವೀಲಿ ಒಂದು ಬೇವಿನ ಕಡ್ಡಿನೂ ಇರ್ಲಿಲ್ಲ. ಯಾರೋ ಓಡಿಹೋಗಿ ಒಂದು ಲೋಟ ತಂದು ನಿನ್ನ ಕೈಗಿಡೋ ಹೊತ್ತಿಗೆ, ಇಡೀ ಬೀದಿ ನೀನು ಹೋಗೋದನ್ನೇ ನೋಡ್ತಾ ನಿಂತಿತ್ತು. ನೀನು ಹೋಗ್ಲಿಲ್ಲ. ಯಾಕೆ ಹೋಗ್ಲಿಲ್ಲ ಅಂದ್ಕೊಂಡಿದ್ದೀಯಾ?"

"ದೇವರು ದೊಡ್ಡೋನು ಅಂದ್ಕೊಂಡಿದ್ದೆ."

"ದೇವರು ದೊಡ್ಡೋನೇ. ಒರಳು ನನ್ನ ಅಟ್ಟದ ಮೇಲಿತ್ತು."

ದೇವೀರಮ್ಮ ತಲೆ ಎತ್ತಿ ಕೇಳಿದಳು: "ಅವತ್ತೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿನ್ನ ತಲೆ ಮೇಲೆ ನನ್ನ ಋಣ ಕೂರ್ತಿತ್ತು. ಋಣ ಹೊತ್ಕೊಂಡು ನೀನು ನನ್ನ ಜೊತೆ ಬಾಯಿ ಮಾಡ್ತಿದ್ಯಾ? ನೋಡಿದಾಗೆಲ್ಲ ಹಲ್ಲು ಕಿರಿದು ಪುಟ್ಟನಂಜಮ್ಮಾ ಅಂತಿದ್ದೆ. ಅದನ್ನ ಯಾರು ನೋಡ್ತಾರೆ?" ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಮೊದ್ಲು ಹಠಕ್ಕೆ ಇಲ್ಲ ಅಂದೆ. ಅದು ನಿಜ. ಬೀದಿ ಮಧ್ಯೆ ನನ್ನ ಮರ್ಯಾದೆ ಕಳೆದಿದ್ದೆ ನೀನು."

"ಕಳೆದಿದ್ದೆ," ಎಂದಳು ದೇವೀರಮ್ಮ.

ಒರಳನ್ನು ಹೊರಗೆ ತರುವುದಕ್ಕೆ ಸುಮಾರು ಹೊತ್ತು ಹಿಡಿಯಿತು. ಡಬ್ಬಗಳನ್ನೂ ಚಾಪೆಗಳನ್ನೂ ಒಂದು ತೊಟ್ಟಿಲನ್ನೂ ಜಗಲಿಗೆ ಸಾಗಿಸಿದ ಮೇಲೆ ಅದು ಅಟ್ಟದ ಮೂಲೆಯಲ್ಲಿ, ಒಂದು ಹಳೆಯ ಪಂಚೆಯಲ್ಲಿ ಸುತ್ತಿಟ್ಟಂತೆ ದೊರೆಯಿತು. ಅದಕ್ಕೆ ಧೂಳು ಹಿಡಿದಿರಲಿಲ್ಲ. ಮರಕ್ಕೆ ಎಣ್ಣೆ ಸವರಿದ್ದರು. ನಾನು ಹೊತ್ತು ತಂದು ಜಗಲಿಯ ಅಂಚಿನಲ್ಲಿ, ಮಂಚಕ್ಕೆ ಎಟಕುವಂತೆ ಇಟ್ಟೆ. ದೇವೀರಮ್ಮ ಕೈ ಚಾಚಿದಳು. ನೆಂಟರು ಕೈಮುಗಿದರು. ಹೊನ್ನಮ್ಮ ಗೋಡೆಯ ಕಡೆಗೆ ತಿರುಗಿ ನಿಂತಳು.

ದೇವೀರಮ್ಮನ ಕೈ ಒರಳನ್ನು ಮುಟ್ಟದೆ ಅರ್ಧದಲ್ಲಿ ನಿಂತಿತು.

"ಸವೆದಿದ್ಯಾ ಅಚ್ಚು?" ಎಂದು ಕೇಳಿದಳು.

"ಯಾಕೆ ಸವೆಯುತ್ತೆ? ಆ ಹಬ್ಬ ಆದ್ಮೇಲೆ ಒಂದ್ಸಲನೂ ಒತ್ತಿಲ್ಲ. ಇದಕ್ಕೆ ಇಬ್ಬರು ಬೇಕಲ್ಲ," ಎಂದಳು ಪುಟ್ಟನಂಜಮ್ಮ.

ಅದು ಸತ್ಯವಾಗಿತ್ತು. ಒಬ್ಬರು ಹಿಡಿಯ ಮೇಲೆ ಭಾರ ಹಾಕಿ ಒತ್ತಬೇಕು, ಇನ್ನೊಬ್ಬರು ಕೆಳಗೆ ತಟ್ಟೆ ಹಿಡಿದು, ಇಳಿಯುವ ಎಳೆಗಳು ಒಂದರ ಮೇಲೊಂದು ಬೀಳದಂತೆ ತಿರುಗಿಸುತ್ತ ಹೋಗಬೇಕು. ಆ ಬೀದಿಯಲ್ಲಿ ಒತ್ತುವವಳು ಯಾವಾಗಲೂ ಪುಟ್ಟನಂಜಮ್ಮ, ತಟ್ಟೆ ಹಿಡಿಯುವವಳು ದೇವೀರಮ್ಮ ಆಗಿದ್ದಳಂತೆ.

"ಅಕ್ಕಿಹಿಟ್ಟು ಇದ್ಯಾ?" ಎಂದಳು ದೇವೀರಮ್ಮ.

"ನನ್ನ ಮನೇಲಿ ಇಲ್ದೆ ಇರೋದು ಯಾವುದು?"

ಒಲೆ ಹೊತ್ತಿಸಿದರು. ಹಿಟ್ಟು ಕಲಸಿ, ಉಂಡೆ ಕಟ್ಟಿ, ಕುದಿಯುವ ನೀರಿನಲ್ಲಿ ಬೇಯಿಸಿದರು. ಮೈದುನನ ಮಗ ಕಾಯಿ ತುರಿಯಲು ಕುಳಿತ. ದೇವೀರಮ್ಮನ ಬೆನ್ನಿಗೆ ನಾನು ದಿಂಬಿನ ಬದಲಾಗಿ ಕುಳಿತೆ, ದಿಂಬೆಂಬುದು ಅವಳಿಗೆ ಇರಲಿಲ್ಲವಾದ್ದರಿಂದ. ತಟ್ಟೆ ಪುಟ್ಟನಂಜಮ್ಮನದು. ಅದನ್ನು ಹಿಡಿಯುವ ಮುನ್ನ ದೇವೀರಮ್ಮ "ಎರವಲು" ಎಂದಳು, ಪುಟ್ಟನಂಜಮ್ಮ "ಹೌದಮ್ಮ, ಎರವಲು" ಎಂದಳು. ಮೊದಲ ಉಂಡೆ ಒರಳಿಗೆ ಬಿತ್ತು. ಪುಟ್ಟನಂಜಮ್ಮ ನೆಗೆದು ಹಿಡಿಯ ಮೇಲೆ ತೂಗಿಬಿದ್ದಳು. ಎಳೆಗಳು ಇಳಿದವು.

"ಮೆತ್ತಗೆ ಒತ್ತೆ, ಗಡವ. ತುಂಡಾಗ್ತಾ ಇದೆ."

"ತಟ್ಟೆ ಸರಿಯಾಗಿ ತಿರುಗಿಸು ನೀನು. ಕುಡಿದೋಳ ಹಂಗೆ ಅಲ್ಲಾಡ್ತಿದ್ದೀಯಾ."

"ನನಗೆ ಹೊಟ್ಟೆನೋವು."

"ನನಗೆ ಸೊಂಟನೋವು. ನಾನು ಹೇಳ್ಕೊಂಡ್ನಾ?"

ನಡುವೆ ನೋವು ಬಂದಾಗ ದೇವೀರಮ್ಮ ತಟ್ಟೆಯನ್ನು ಮಡಿಲಿಗೆ ಇಳಿಸಿ ಕಣ್ಣು ಮುಚ್ಚಿಕೊಂಡಳು. ಪುಟ್ಟನಂಜಮ್ಮ ಹಿಡಿಯನ್ನು ಅರ್ಧಕ್ಕೆ ನಿಲ್ಲಿಸಿ, ಬೀದಿಯ ಇನ್ನೊಂದು ತುದಿಯನ್ನು ನೋಡುತ್ತ ಕಾಯ್ದಳು. ನೋವು ಇಳಿಯಿತು. ಇಬ್ಬರೂ ಮುಂದುವರಿಸಿದರು. ಬಂದವರಿಗೆಲ್ಲ ಎಲೆಯ ಮೇಲೆ ಶಾವಿಗೆ, ಬೆಲ್ಲ, ಕಾಯಿಹಾಲು ಬಡಿಸಿದರು. ನೆಂಟರು ಎರಡನೆಯ ಸಲ ಊಟಕ್ಕೆ ಕುಳಿತವರಂತೆ ಕಾಣಲಿಲ್ಲ. ದೇವೀರಮ್ಮನ ಬಾಯಿಗೆ ಪುಟ್ಟನಂಜಮ್ಮ ಎರಡು ಎಳೆ ಹಾಕಿದಳು. ಅವಳು ಬಹಳ ಹೊತ್ತು ಅಗಿದು, "ಉಪ್ಪು ಸಾಲದು," ಎಂದಳು.

"ನಾಲಗೆ ಕೆಟ್ಟಿದೆ ನಿಂದು."

"ಇರ್ಬಹುದು."

ಒರಳು ಇಬ್ಬರ ನಡುವೆ ನಿಂತಿತ್ತು. ದೇವೀರಮ್ಮ ಪುಟ್ಟನಂಜಮ್ಮನನ್ನು ನೋಡಿದಳು. ಪುಟ್ಟನಂಜಮ್ಮ ತಲೆ ಅಲ್ಲಾಡಿಸಿದಳು. "ನಾನು ಸಾಕಷ್ಟು ಕಾಲ ಹೊತ್ತಿದ್ದೀನಿ. ನನ್ನ ಕೇಳ್ಬೇಡ," ಎಂದಳು. ದೇವೀರಮ್ಮ ನನ್ನ ಕಡೆಗೆ ತಿರುಗಲು ನೋಡಿದಳು. ನಾನು ಬೆನ್ನ ಹಿಂದಿದ್ದುದರಿಂದ ಅವಳಿಗೆ ಕಾಣಿಸಲಿಲ್ಲ. ಗಾಡಿ ಕಟ್ಟಲೇ ಎಂದು ನಾನು ಕೇಳಬೇಕಾಗಿತ್ತು, ಅದು ನನ್ನ ಕೆಲಸ. ಕೇಳಲಿಲ್ಲ. ನೆಂಟರ ಕೈಗಳೆಲ್ಲ ಬೆನ್ನ ಹಿಂದೆ ಹೋಗಿದ್ದವು.

ಇಷ್ಟು ಹೊತ್ತೂ ಗೋಡೆಯ ಬಳಿ ನಿಂತಿದ್ದ ಹೊನ್ನಮ್ಮ ಆಗ ಮುಂದೆ ಬಂದಳು. ಸೆರಗಿನಿಂದ ಕೈಗಳನ್ನು ಬಿಚ್ಚಿಕೊಂಡು, ಬಗ್ಗಿ, ಒರಳಿನೊಳಗೆ ಇಣುಕಿ ನೋಡಿದಳು.

"ಹಿಟ್ಟು ಹಂಗೇ ಬಿಟ್ಟಿದ್ದೀರಲ್ಲ ಇಬ್ಬರೂ. ಒಣಗಿದ್ರೆ ಕಲ್ಲಾಗ್ತದೆ. ಆಮೇಲೆ ಯಾರು ಕೆರೆಯೋದು?" ಎಂದು ಒರಳನ್ನು ಎರಡೂ ಕೈಗಳಿಂದ ಎತ್ತಿಕೊಂಡಳು.

ದೇವೀರಮ್ಮ ಕೈ ಚಾಚಿ ಒರಳಿನ ಕಾಲೊಂದನ್ನು ಮುಟ್ಟಿದಳು. "ಮುಗೀತು. ಇದು ನಿಂದು ಕಣೆ, ಹೊನ್ನಿ," ಎಂದಳು.

"ಗೊತ್ತಾಯ್ತು ಬಿಡವ್ವ. ತೊಳ್ಕೊಂಡು ಬರ್ತೀನಿ," ಎಂದಳು ಹೊನ್ನಮ್ಮ. ತಿರುಗಿ ನೋಡದೆ ಪುಟ್ಟನಂಜಮ್ಮನ ಮನೆಯ ಪಕ್ಕದ ಓಣಿಯಲ್ಲಿ ಹಿತ್ತಿಲ ಬಾವಿಯ ಕಡೆಗೆ ಹೋದಳು.

ಪುಟ್ಟನಂಜಮ್ಮ ನನಗೆ ಸನ್ನೆ ಮಾಡಿ, ನನ್ನ ಜಾಗದಲ್ಲಿ ತಾನು ಕುಳಿತು ದೇವೀರಮ್ಮನ ಬೆನ್ನಿಗೆ ಬೆನ್ನು ಕೊಟ್ಟಳು. ನಾನು ಹಿತ್ತಿಲಿಗೆ ಹೋಗಿ ನೀರು ಸೇದಿ ಹಾಕಿದೆ. ಹೊನ್ನಮ್ಮ ಅಚ್ಚನ್ನು ಬಿಚ್ಚಿ, ಅದರ ಒಂದೊಂದು ತೂತಿಗೂ ಪೊರಕೆಯ ಕಡ್ಡಿ ಹಾಕಿ ಹಿಟ್ಟನ್ನು ತೆಗೆಯುತ್ತಿದ್ದಳು. ಮರಕ್ಕೆ ತೆಂಗಿನ ನಾರು ಹಾಕಿ ಉಜ್ಜಿದಳು. ಅಚ್ಚಿಗೆ ಹುಣಸೆಹಣ್ಣು ಹಚ್ಚಿದಳು, ತೊಳೆದಳು, ಮತ್ತೆ ಹಚ್ಚಿದಳು. ಬೀದಿಯ ಕಡೆಯಿಂದ ಇಬ್ಬರು ಮುದುಕಿಯರು ಉಪ್ಪಿನ ವಿಷಯಕ್ಕೆ ವಾದ ಮಾಡುವುದು ಕೇಳಿಸುತ್ತಿತ್ತು. ಆಮೇಲೆ ಒಬ್ಬಳ ಮಾತು ಮಾತ್ರ ಕೇಳಿಸುತ್ತಿತ್ತು. ಆಮೇಲೆ ಅದೂ ನಿಂತಿತು.

ಹೊನ್ನಮ್ಮನ ಕೈ ಒಂದು ಕ್ಷಣ ತಡೆದು, ಮತ್ತೆ ಉಜ್ಜತೊಡಗಿತು.

"ಇನ್ನೊಂದು ಬಿಂದಿಗೆ ಸೇದಣ್ಣ," ಎಂದಳು.

ಒರಳು ಆಗಲೇ ಶುಭ್ರವಾಗಿತ್ತು. ನಾನು ಸೇದಿದೆ.